ಹಂಗೇರಿಯವರಿಗೆ ಹತ್ತಕ್ಕೆ ನಾಲ್ಕು

ಸೆಂಗ್‌ಕಾಂಗ್

ಸಿಂಗಪುರಕ್ಕೆ ಹೋಗಿ ಬಂದೆ ಎಂದು ಗೊತ್ತಾದ ಮೇಲೆ ಮೈಸೂರಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು. ಬಾಯಿಂದ ನೀರು ಉಗುಳುವ ಸಿಂಹ ನೋಡಿದಿರಾ? ಇಲ್ಲ. ಮೂರು ಕಟ್ಟಡದ ನೆತ್ತಿಯ ಮೇಲೆ ಹಡಗು ಇಟ್ಟಿದ್ದಾರಂತಲ್ಲ, ಅದು? ದೂರದಿಂದ ಕಂಡ ಹಾಗೆ ನೆನಪು, ಖಾತ್ರಿಯಿಲ್ಲ. ಹಾಗಾದರೆ ನಾಲ್ಕು ದಿನ ಏನು ಮಾಡಿದಿರಿ ಎನ್ನುತ್ತಾರೆ. ಹೆದರಿಕೊಂಡಿದ್ದೆ ಎಂದರೆ ನಗುತ್ತಾರೆ. ನಿಜವಾಗಿ ನಾನು ಅಲ್ಲಿ ಮಾಡಿದ್ದು ಅದನ್ನೇ. ಹೇಗೆ, ಯಾಕೆ ಎಂದು ಒಮ್ಮೆ ಬರೆದುಬಿಟ್ಟರೆ ಮತ್ತೆ ಮತ್ತೆ ಹೇಳುವುದು ತಪ್ಪುತ್ತದೆ.

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಮೂವತ್ತು ವರ್ಷ ಇತಿಹಾಸ ಹೇಳಿ ನಿವೃತ್ತಳಾದವಳು. ನನ್ನ ಹಳೆಯ ವಿದ್ಯಾರ್ಥಿ ಶ್ರೀಧರ ಸಿಂಗಪುರದಲ್ಲಿ ಅದೇ ವಿಷಯದ ಪ್ರಾಧ್ಯಾಪಕ. ಯುದ್ಧಗಳ ನಂತರದ ಶಾಂತಿ ಒಪ್ಪಂದಗಳ ಬಗ್ಗೆ ಎರಡು ದಿನದ ವಿಚಾರ ಸಂಕಿರಣ ಏರ್ಪಡಿಸಿದ್ದ. ಒಂದು ದಿನ ಫೋನ್ ಮಾಡಿದ. “ಮೇಡಂ, ಹಂಗೇರಿಯಿಂದ ಗಾಬೋರ್ ಅಂತ ಒಬ್ರು ಪ್ರೊಫೆಸರ್ ಬರ್ತಿದಾರೆ. ಟ್ರಿಯಾನನ್ ಬಗ್ಗೆ ಪೇಪರ್. ಅದಕ್ಕೆ ನೀವು ರೆಸ್ಪಾಂಡ್ ಮಾಡ್ಬೇಕು. ಹತ್ತೇ ನಿಮಿಷ. ಟಿಕೆಟ್ ನಾನೇ ಬುಕ್ ಮಾಡ್ತೀನಿ.”

ಟ್ರಿಯಾನನ್ ಎಂದರೆ ಪ್ಯಾರಿಸ್ ಪಕ್ಕದ ಒಂದು ಅರಮನೆ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿಯ ಕೈಯಲ್ಲಿ ಗೆದ್ದವರು ಅಲ್ಲಿ ಸಹಿ ಹಾಕಿಸಿಕೊಂಡರು. ಮೂರರಲ್ಲಿ ಎರಡು ಪಾಲು ನೆಲ ಅಕ್ಕಪಕ್ಕದ ದೇಶಗಳಿಗೆ ಹಂಚಿಹೋಯಿತು. ಲಕ್ಷಾಂತರ ಹಂಗೇರಿಯನ್ನರು ಮನೆಯ ಹೊಸಿಲು ದಾಟದೆ ಬೇರೆ ದೇಶದ ಪ್ರಜೆಗಳಾದರು. ನಮ್ಮ ಪಠ್ಯದಲ್ಲಿ ಇದಕ್ಕೆ ಅರ್ಧ ಪುಟ. ನಾನು ಮಾತ್ರ ಎರಡು ತರಗತಿ ತೆಗೆದುಕೊಳ್ಳುತ್ತಿದ್ದೆ. ನನ್ನ ದನಿ ಏರುತ್ತಿತ್ತಂತೆ, ಹಿಂದಿನ ಬೆಂಚಿನವರೂ ನಿದ್ದೆ ಬಿಟ್ಟು ಕೂರುತ್ತಿದ್ದರಂತೆ. ಶ್ರೀಧರ ಹೇಳಿದ್ದು.

ಏರದೆ ಏನಾಗಬೇಕು? ನಾನು ಕಾಸರಗೋಡಿನವಳು, ಚಂದ್ರಗಿರಿ ಹೊಳೆಯ ಈಚೆ ದಡದವಳು. ಭಾಷೆ ನೋಡಿ ರಾಜ್ಯಗಳನ್ನು ವಿಂಗಡಿಸಿದಾಗ ನಮ್ಮ ತಾಲೂಕು ಕೇರಳಕ್ಕೆ ಹೋಯಿತು. ನಾನು ಹುಟ್ಟಿದ್ದು ಆಮೇಲೆಯೇ. ಆದರೆ ಅಪ್ಪ ಕನ್ನಡ ಶಾಲೆಯ ಮೇಷ್ಟ್ರು, ಮನೆಯಲ್ಲಿ ಊಟಕ್ಕೆ ಕೂತರೆ ಏಳುವವರೆಗೂ ಅದೇ ಮಾತು. ಹದಿನೆಂಟಕ್ಕೆ ಓದಲೆಂದು ಮೈಸೂರಿಗೆ ಬಂದವಳು ಇಲ್ಲೇ ಉಳಿದೆ. ಹಂಗೇರಿಯ ನಕ್ಷೆ ಬಿಡಿಸುವಾಗೆಲ್ಲ ನನಗೆ ನಮ್ಮೂರೇ ಕಾಣುತ್ತಿತ್ತು.

ಉಳಿದುಕೊಂಡದ್ದು ಸೆಂಗ್‌ಕಾಂಗ್‌ನಲ್ಲಿ, ನಾದಿನಿಯ ಮಗಳು ಶ್ವೇತಾಳ ಮನೆಯಲ್ಲಿ. ಹದಿನಾಲ್ಕನೇ ಮಹಡಿ. ಗಂಡ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದ, ಇದ್ದದ್ದು ಅವಳು ಮತ್ತು ಎಂಟು ವರ್ಷದ ಮಗಳು ಅನಘಾ. ಮೊದಲ ದಿನ ಕೆಳಗೆ ಇಳಿದಾಗ ಬೀದಿಯಲ್ಲಿ ಏನೋ ಅಗೆಯುತ್ತಿದ್ದರು. ಬೇಲಿಯ ಮೇಲೆ ‘ಅಪಾಯ’ ಎನ್ನುವ ಫಲಕ ನಾಲ್ಕು ಲಿಪಿಗಳಲ್ಲಿತ್ತು, ಇಂಗ್ಲಿಷ್, ಚೀನೀ, ಮಲಯ್, ತಮಿಳು. ನಾಲ್ಕೂ ಒಂದೇ ಅಳತೆ. ನಾನು ಬಿಸಿಲಲ್ಲಿ ನಿಂತು ನೋಡಿದ್ದೇ ನೋಡಿದ್ದು. ನಮ್ಮೂರಲ್ಲಿ ಬಸ್ಸಿನ ಫಲಕದಲ್ಲಿ ಕನ್ನಡ ಇರಲಿ ಎಂದು ಅಪ್ಪ ಎಷ್ಟು ಅರ್ಜಿ ಬರೆದಿದ್ದರೋ ಲೆಕ್ಕವಿಲ್ಲ.

“ಅಜ್ಜಿ, ಅದು ಡೇಂಜರ್ ಅಂತ ಬರ್ದಿರೋದು. ನೀವು ಅಲ್ಲೇ ಯಾಕೆ ನಿಂತಿದೀರಾ, ಬನ್ನಿ ಲಾ!” ಎಂದು ಅನಘಾ ಸೆರಗು ಹಿಡಿದು ಎಳೆದಳು. ಮಾತಿನ ಕೊನೆಗೊಂದು ‘ಲಾ’ ಸೇರಿಸುವುದು ಅಲ್ಲಿಯವರ ರೂಢಿಯಂತೆ.

ಪಾಯಾ ಲೆಬಾರ್, ಮೊದಲ ದಿನ

ಸಂಕಿರಣ ನಡೆದದ್ದು ಪಾಯಾ ಲೆಬಾರ್‌ನ ಒಂದು ಕಚೇರಿ ಕಟ್ಟಡದ ಎಂಟನೇ ಮಹಡಿಯಲ್ಲಿ. ಹೊರಗೆ ಬೆವರು, ಒಳಗೆ ಚಳಿ. ನಾನು ಶಾಲು ತಂದಿರಲಿಲ್ಲ. ಅದಕ್ಕಿಂತ ದೊಡ್ಡ ಪೇಚು ಎಂದರೆ ಗಾಬೋರ್ ಅವರ ಪ್ರಬಂಧ ಮುಂಚೆಯೇ ಬರಬೇಕಿತ್ತು, ಬಂದಿರಲಿಲ್ಲ. ಊರಿನಲ್ಲಿ ಕೂತು ನಾನೇ ಊಹಿಸಿಕೊಂಡು ಒಂದು ಪ್ರತಿಕ್ರಿಯೆ ಸಿದ್ಧ ಮಾಡಿದ್ದೆ. ಹಂಗೇರಿಯವರು, ತಮ್ಮ ದೇಶಕ್ಕಾದ ಅನ್ಯಾಯ ಹೇಳಿಕೊಳ್ಳುತ್ತಾರೆ, ನಾನು ನಮ್ಮ ಕಾಸರಗೋಡನ್ನು ಸೇರಿಸಿ ಹೌದು ಹೌದು ಎನ್ನುವುದು. ಅಷ್ಟೇ ಇದ್ದದ್ದು ನನ್ನ ತಯಾರಿ.

ಪ್ರಬಂಧ ಕೈಗೆ ಬಂದದ್ದು ಮೊದಲ ದಿನ ಮಧ್ಯಾಹ್ನ ಮೂರು ಗಂಟೆಗೆ. ಹನ್ನೆರಡು ಪುಟ. ನನ್ನ ಸರದಿ ಮಾರನೇ ದಿನ ಮಧ್ಯಾಹ್ನ. ಪಕ್ಕದ ಖಾಲಿ ಕೋಣೆಯಲ್ಲಿ ಒಂದು ಮೇಜು ಹಿಡಿದು ಓದಲು ಕೂತೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನ್ನ ಮೈ ಬಿಸಿಯಾಗಿ ಚಳಿ ಮರೆತುಹೋಯಿತು.

ಒಪ್ಪಂದ ಅನ್ಯಾಯದ್ದೇ ಎಂದು ಅವರು ಒಪ್ಪುತ್ತಾರೆ. ಜನರ ಇಚ್ಛೆಯಂತೆ ಗಡಿ ಎಂದು ಸಾರಿದವರೇ, ಒಂದು ರೈಲು ಹಳಿ ಆಚೆಯವರಿಗೆ ಸಿಗಲಿ ಎಂದು ಹಂಗೇರಿಯನ್ನರೇ ತುಂಬಿದ್ದ ಊರುಗಳನ್ನು ಸಾಲಾಗಿ ಆಚೆಗೆ ತಳ್ಳಿದರು ಎನ್ನುತ್ತಾರೆ. ಅದಕ್ಕೆ ಅರ್ಧ ಪುಟ, ಅಷ್ಟೇ. ಆಮೇಲೆಲ್ಲ ತಮ್ಮವರ ಮೇಲೆಯೇ ದೂರು. ಹರಿದುಹೋದ ಆ ಹಳೆಯ ರಾಜ್ಯ ಎಲ್ಲರ ಮನೆಯಾಗಿರಲಿಲ್ಲ, ಅದರ ಅರ್ಧದಷ್ಟು ಜನ ಬೇರೆ ಭಾಷೆಯವರು, ಅವರ ಮಕ್ಕಳಿಗೆ ನಾವು ಬಲವಂತದಿಂದ ನಮ್ಮ ಭಾಷೆ ಕಲಿಸಿದೆವು ಎನ್ನುತ್ತಾರೆ. ಸಹಿ ಬಿದ್ದ ಮೇಲೆ ಇಪ್ಪತ್ತು ವರ್ಷ ಸರ್ಕಾರಕ್ಕೆ ಅಳುವುದೇ ಕೆಲಸವಾಯಿತು, ಶಾಲೆಯಲ್ಲಿ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲೂ ಕಳೆದ ನೆಲವನ್ನೇ ಬೇಡಿದರು, ಅದನ್ನು ಮರಳಿ ಪಡೆಯುವ ಆಸೆಗೆ ದೇಶ ಹಿಟ್ಲರನ ಕೈ ಹಿಡಿಯಿತು, ಸಿಕ್ಕಿದ್ದನ್ನೂ ಮತ್ತೆ ಕಳೆದುಕೊಂಡಿತು. ಕೊನೆಯ ಸಾಲು ಹೀಗಿತ್ತು: ಒಪ್ಪಂದ ನಮ್ಮ ನೆಲ ತೆಗೆದುಕೊಂಡಿತು, ಅದರ ದುಃಖ ನಮ್ಮ ಬುದ್ಧಿ ತೆಗೆದುಕೊಂಡಿತು.

ಮತ್ತೆ, ಆಚೆ ಉಳಿದವರು? ಅವರ ಶಾಲೆ, ಅವರ ಮಕ್ಕಳು, ಕಚೇರಿಯಲ್ಲಿ ತಮ್ಮ ಭಾಷೆಯಲ್ಲಿ ಒಂದು ಅರ್ಜಿ ಕೊಡಲಾಗದ ಅವರ ಅವಸ್ಥೆ? ಹನ್ನೆರಡು ಪುಟ ತಿರುವಿ ತಿರುವಿ ಹುಡುಕಿದೆ. ಒಂದು ಸಾಲೂ ಇರಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಚಟ ಹೇಳಬೇಕು. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ನಾವು ಮೇಷ್ಟ್ರುಗಳೆಲ್ಲ ಮೌಲ್ಯಮಾಪನ ಕೇಂದ್ರದಲ್ಲಿ ಸಾಲಾಗಿ ಕೂತು ಉತ್ತರಪತ್ರಿಕೆ ತಿದ್ದುತ್ತೇವೆ. ಎಡಗಡೆ ತಿದ್ದಬೇಕಾದ ಕಟ್ಟು, ಬಲಗಡೆ ತಿದ್ದಿದ್ದು. ಅಂಶ ಸಿಕ್ಕ ಕಡೆ ಟಿಕ್, ಬಿಟ್ಟುಹೋದ ಕಡೆ ಅಡ್ಡಗೆರೆ, ಕೊನೆಗೆ ಅಂಕ ಬರೆದು ಸುತ್ತು ಹಾಕಿ, ಕೆಳಗೆ ಚಿಕ್ಕ ಸಹಿ, ಮಗುಚಿ ಬಲಕ್ಕೆ ತಳ್ಳುವುದು. ಅಟೆಂಡರ್ ಬಂದು ಒಯ್ಯುತ್ತಾನೆ. ಮೂವತ್ತು ವರ್ಷ ಹೀಗೆ ಕೂತ ಕೈ ಕೆಂಪು ಪೆನ್ನಿಲ್ಲದೆ ಏನನ್ನೂ ಓದುವುದಿಲ್ಲ. ನನ್ನ ಚೀಲದಲ್ಲಿ ಈಗಲೂ ಎರಡು ಇರುತ್ತವೆ. ಮದುವೆಯ ಕರೆಯೋಲೆಯನ್ನೂ ತಿದ್ದುತ್ತೇನೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ.

ಸಿಟ್ಟಿನಲ್ಲಿ ಹನ್ನೆರಡು ಪುಟವನ್ನೂ ತಿದ್ದಿದೆ. ಕೊನೆಯ ಪುಟದ ಬುಡದಲ್ಲಿ ಕನ್ನಡದಲ್ಲಿ ಷರಾ ಬರೆದೆ: ‘ಗಡಿಯ ಆಚೆ ಉಳಿದವರ ಸಂಕಟ ಇವರಿಗೆ ಗೊತ್ತಿಲ್ಲ. ಸುಖವಾಗಿ ಒಳಗೆ ಕೂತು ಬರೆದದ್ದು. ಮುಖ್ಯ ಅಂಶವೇ ಬಿಟ್ಟುಹೋಗಿದೆ.’ ಅದರ ಕೆಳಗೆ ೪/೧೦. ಅಂಕಿಯನ್ನು ನಾನು ಯಾವಾಗಲೂ ಕನ್ನಡದಲ್ಲೇ ಬರೆಯುವುದು, ಅಪ್ಪ ಕಲಿಸಿದ ಹಠ. ಸುತ್ತು, ಸಹಿ. ಮಗುಚಿ ಬಲಕ್ಕೆ ತಳ್ಳಿದೆ. ಮನಸ್ಸು ಹಗುರಾಯಿತು. ಎದ್ದು ಕಾಫಿ ಕುಡಿಯಲು ಹೋದೆ.

ಸುತ್ತು ರೈಲು

ಸಂಜೆ ಮೆಟ್ರೊ ಹಿಡಿದು ಸೆಂಗ್‌ಕಾಂಗ್‌ಗೆ ಬಂದು, ಅಲ್ಲಿಂದ ಮನೆಯ ಹತ್ತಿರಕ್ಕೆ ಹೋಗುವ ಪುಟ್ಟ ರೈಲು ಹತ್ತಿದೆ. ಡ್ರೈವರ್ ಇಲ್ಲದ ರೈಲು. ಕೂತವಳು ಮನೆಯಲ್ಲಿ ಇನ್ನೊಮ್ಮೆ ಓದೋಣವೆಂದು ಚೀಲದಿಂದ ಫೈಲು ತೆಗೆದೆ. ಒಳಗೆ ನನ್ನ ಟೈಪು ಮಾಡಿದ ಕಾಗದವಿತ್ತು, ಪ್ರಬಂಧ ಇರಲಿಲ್ಲ. ಚೀಲ ಬರಿದು ಮಾಡಿದೆ. ಛತ್ರಿ, ಮಾತ್ರೆ ಡಬ್ಬಿ, ಕೆಂಪು ಪೆನ್ನು ಎರಡೂ ಇದ್ದವು. ಎದುರು ಕೂತ ಚೀನೀ ಅಜ್ಜಿ ತನ್ನ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು ನನ್ನನ್ನೇ ನೋಡಿದಳು.

ಆಗ ನೆನಪಾಯಿತು. ಬಲಗಡೆ, ಮಗುಚಿ ಇಟ್ಟ ಕಾಗದ. ಕಾಫಿ ಕುಡಿದು ಬಂದಾಗ ಮೇಜು ಚೊಕ್ಕಟವಾಗಿತ್ತು. ಅಟೆಂಡರ್ ಒಯ್ದಿದ್ದಾನೆ ಎಂದುಕೊಂಡು ನೆಮ್ಮದಿಯಿಂದ ಎದ್ದು ಬಂದಿದ್ದೆ. ಅಯ್ಯೋ ದೇವರೇ, ಸಿಂಗಪುರದಲ್ಲಿ ಎಲ್ಲಿಯ ಅಟೆಂಡರ್!

ಕಿಟಕಿಯಾಚೆ ಒಂದೇ ಥರದ ಮಹಡಿಗಳು, ಒಂದೇ ಥರದ ಬಾಲ್ಕನಿಗಳು. ನಮ್ಮ ನಿಲ್ದಾಣ ಬರಲೇ ಇಲ್ಲ. ಪುಟ್ಟ ರೈಲಿಗೆ ಪೂರ್ವಕ್ಕೊಂದು ಸುತ್ತು, ಪಶ್ಚಿಮಕ್ಕೊಂದು ಸುತ್ತು. ನಾನು ತಪ್ಪು ಸುತ್ತು ಹತ್ತಿದ್ದೆ. ಹೊರಟ ಜಾಗಕ್ಕೇ ಮತ್ತೆ ಬಂದು ನಿಂತಾಗಲೂ ಇಳಿಯಲು ತೋಚದೆ ಇನ್ನೊಂದು ಸುತ್ತು ಹಾಕಿದೆ. ಅಷ್ಟರಲ್ಲಿ ಫೋನು ಬಂತು, ಶ್ರೀಧರ.

“ಮೇಡಂ, ಗಾಬೋರ್ ನನ್ನ ಹತ್ರ ಬಂದ್ರು. ಅವರ ಪೇಪರ್ ತೋರ್ಸಿದ್ರು. ಕೆಂಪು ಇಂಕ್ ನೋಡಿದ್ದೇ ತಡ, ನನಗೆ ಸೆಕೆಂಡ್ ಬಿ.ಎ. ನೆನಪಾಯ್ತು.”

“ಅವರ ಕೈಗೆ ಹೇಗೆ ಹೋಯ್ತೋ?”

“ನಮ್ಮ ವಾಲಂಟಿಯರ್ ಹುಡುಗಿ ಟೇಬಲ್ ಕ್ಲೀನ್ ಮಾಡ್ತಿದ್ಲಂತೆ. ಮೇಲೆ ಅವರ ಹೆಸರಿತ್ತಲ್ಲ, ಅವರ ಫೋಲ್ಡರ್‌ಗೆ ಹಾಕಿದಾಳೆ. ಅವರು ಏನು ಬರ್ದಿದೆ ಓದಿ ಹೇಳು ಅಂತ ನಿಂತ್ಬಿಟ್ರು, ಮೇಡಂ.”

“ಏನು ಹೇಳ್ದೆ?”

“ಏನು ಹೇಳ್ಲಿ? ‘ಬಹಳ ಪ್ರಾಮಾಣಿಕವಾದ ಬರವಣಿಗೆ’ ಅಂತ ಮೇಡಂ ಬರ್ದಿದಾರೆ ಅಂದೆ.”

“ಅಂಕ?”

“ಅದು ಶುಭಚಿಹ್ನೆ ಅಂದೆ. ನಮ್ಮ ಕಡೆ ಹಿರಿಯರು ಮೆಚ್ಚಿದ ಬರಹದ ಕೆಳಗೆ ಹಾಕ್ತಾರೆ ಅಂತ.”

“ಪಾಪಿ! ಇತಿಹಾಸದ ಮೇಷ್ಟ್ರಾಗಿ ಇಂಥ ಸುಳ್ಳು ಹೇಳ್ತೀಯಲ್ಲೋ.”

“ಮತ್ತೆ ಫೇಲ್ ಮಾಡಿದಾರೆ ಅನ್ಲಾ? ಅವರನ್ನ ಕರ್ಸಿರೋದು ನಾನು ಮೇಡಂ, ನಿಮ್ಮನ್ನ ಕರ್ಸಿರೋದೂ ನಾನೇ. ನಾಳೆ ಒಂದು ಸೆಷನ್ ಮುಗಿದ್ರೆ ಸಾಕು. ನೀವೂ ಹಾಗೇ ಮೇಂಟೇನ್ ಮಾಡಿ, ಪ್ಲೀಸ್.”

ಆಗಲಿ ಅಂದೆ. ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣಕ್ಕೆ ನನಗೆ ಜೀವ ಬಂದ ಹಾಗಾಯಿತು.

ಮನೆಗೆ ಹೋಗಿ ಶ್ವೇತಾಳಿಗೆ ಹೇಳಿದರೆ ಅವಳು ನಕ್ಕಳು. “ಅತ್ತೆ, ಇಷ್ಟಕ್ಕೆಲ್ಲ ಯಾರಾದ್ರೂ ಟೆನ್ಷನ್ ತಗೋತಾರಾ? ನಮ್ಮ ಆಫೀಸಲ್ಲಿ ಎಲ್ರೂ ಎಲ್ರಿಗೂ ರೇಟಿಂಗ್ ಹಾಕ್ತಾನೇ ಇರ್ತಾರೆ.”

“ಎಷ್ಟಾದರೂ ನಾನು ಪಾಸು ಮಾಡಿದ್ದೇನಲ್ಲ,” ಅಂದೆ. ನಮ್ಮಲ್ಲಿ ನೂರಕ್ಕೆ ಮೂವತ್ತೈದು ಬಂದರೆ ಪಾಸು, ಹತ್ತಕ್ಕೆ ನಾಲ್ಕು ಅಷ್ಟೇನೂ ಕೆಟ್ಟದ್ದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಅನಘಾ ತಟ್ಟೆಯಿಂದ ತಲೆ ಎತ್ತಿದಳು. “ಫೋರ್ ಔಟ್ ಆಫ್ ಟೆನ್? ನಮ್ ಸ್ಕೂಲಲ್ಲಿ ಅದು ಫೇಲ್ ಲಾ, ಅಜ್ಜಿ. ಫೈವ್ ಬೇಕು.”



ಊಟದ ಮೇಜು

ಮಾರನೇ ದಿನ ಮಧ್ಯಾಹ್ನ ಎಲ್ಲರನ್ನೂ ಹತ್ತಿರದ ಹಾಕರ್ ಸೆಂಟರ್‌ಗೆ ಊಟಕ್ಕೆ ಕರೆದೊಯ್ದರು. ದೊಡ್ಡ ಮಾಡಿನ ಕೆಳಗೆ ನೂರಾರು ಮೇಜು, ಸುತ್ತ ಸಾಲು ಸಾಲು ಪುಟ್ಟ ಅಡುಗೆ ಅಂಗಡಿ. ಗಾಬೋರ್ ಕಣ್ಣಿಗೆ ಬೀಳಬಾರದೆಂದು ಕಂಬದ ಹಿಂದೆ ಒಂದು ಖಾಲಿ ಮೇಜು ಹುಡುಕಿದೆ. ಮೇಲೆ ಯಾರೋ ಕಾಗದದ ಕರವಸ್ತ್ರದ ಪೊಟ್ಟಣ ಮರೆತು ಹೋಗಿದ್ದರು. ಅದನ್ನು ಪಕ್ಕಕ್ಕೆ ಸರಿಸಿ ಕೂತೆ. ಐದು ನಿಮಿಷಕ್ಕೆ ತಟ್ಟೆ ಹಿಡಿದ ಇಬ್ಬರು ಹುಡುಗಿಯರು ಬಂದು ನಿಂತು ಪೊಟ್ಟಣವನ್ನೂ ನನ್ನನ್ನೂ ನೋಡಿದರು. ಅಲ್ಲಿ ಪೊಟ್ಟಣ ಇಟ್ಟರೆ ಜಾಗ ಹಿಡಿದ ಹಾಗಂತೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವುದಿಲ್ಲವೇ, ಅದೇ. ಸಾರಿ ಸಾರಿ ಎನ್ನುತ್ತ ನನ್ನ ಅನ್ನದ ತಟ್ಟೆ ಹಿಡಿದು ಎದ್ದೆ. ಎದ್ದವಳ ಎದುರಿಗೇ ಗಾಬೋರ್.

ಎತ್ತರದ ಆಳು, ಸ್ವಲ್ಪ ಗೂನು, ಆ ಸೆಕೆಯಲ್ಲೂ ದಪ್ಪ ಕೋಟು. ಹಣೆ ಒರೆಸಿಕೊಳ್ಳುತ್ತ “ಪ್ರೊಫೆಸರ್ ಸುಮತಿ, ನನ್ನ ಮೇಜಿಗೆ ಬನ್ನಿ,” ಎಂದರು. ನಾವು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಅವರದು ನಿಧಾನದ, ತೂಗಿ ತೂಗಿ ಆಡುವ ಇಂಗ್ಲಿಷ್, ನನ್ನದೂ ಅದೇ.

“ನನ್ನ ದೇಶದಲ್ಲಿ ಈ ಪ್ರಬಂಧಕ್ಕೆ ನನಗೆ ಸಿಕ್ಕಿದ್ದು ಬೈಗುಳ,” ಎಂದರು. “ದೇಶದ್ರೋಹಿ ಎಂದು ಪತ್ರ ಬರೆಯುತ್ತಾರೆ. ಪ್ರತಿ ಸಾಲನ್ನೂ ಇಷ್ಟು ಪ್ರೀತಿಯಿಂದ ಓದಿ ಗುರುತು ಹಾಕಿದವರು ನೀವೊಬ್ಬರೇ.”

ನಾನು ಅನ್ನವನ್ನೇ ನೋಡುತ್ತ ಕೂತೆ. ಅವರು ಕೋಟಿನ ಜೇಬಿನಿಂದ ಒಂದು ಚಿತ್ರದ ಕಾರ್ಡು ತೆಗೆದರು. “ಒಂದು ಬೇಡಿಕೆ. ಕೊನೆಯಲ್ಲಿ ನೀವು ಹಾಕಿದ ಶುಭಚಿಹ್ನೆ ಇದೆಯಲ್ಲ, ಅದನ್ನು ಇದರ ಮೇಲೆ ಬರೆದು ಕೊಡುತ್ತೀರಾ? ನನ್ನ ಅಕ್ಕನಿಗೆ ಕಳಿಸಬೇಕು. ಅವಳಿಗೆ ಒಳ್ಳೆಯದಾಗಲಿ ಎಂದು ಯಾರೂ ಹೇಳುವುದಿಲ್ಲ.”

“ಅವರು ಎಲ್ಲಿದ್ದಾರೆ?” ಮಾತು ಬೆಳೆಸಬಾರದೆಂದುಕೊಂಡೇ ಕೇಳಿಬಿಟ್ಟೆ.

“ಗಡಿಯ ಆಚೆ. ನಾವು ಹುಟ್ಟಿದ ಊರಿನಲ್ಲೇ. ಅಲ್ಲಿ ಉಳಿದಿರುವ ಒಂದು ಹಂಗೇರಿಯನ್ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ.”

“ನೀವು ಹುಟ್ಟಿದ್ದು ಆಚೆಯೇ?”

“ಹೌದು. ಹದಿನೆಂಟಕ್ಕೆ ಓದಲು ಬುಡಾಪೆಸ್ಟಿಗೆ ಬಂದೆ. ಮತ್ತೆ ಹೋಗಲಿಲ್ಲ.”

ಪೆನ್ನು ನನ್ನ ಕೈಯಲ್ಲಿತ್ತು, ಕಾರ್ಡು ಮುಂದಿತ್ತು. ಸುಖವಾಗಿ ಒಳಗೆ ಕೂತು ಬರೆದದ್ದು! ಯಾರಿಗೆ ಬರೆದೆ ಇದನ್ನು? ನನ್ನ ಜಾತಕವನ್ನೇ ಅವರು ಓದಿ ಹೇಳಿದ ಹಾಗಿತ್ತು. ಆ ಕಾರ್ಡಿನ ಮೇಲೆ ಹತ್ತಕ್ಕೆ ನಾಲ್ಕು ಎಂದು ಬರೆದರೆ ಅದು ಗಡಿಯಾಚೆಯ ಆ ಅಕ್ಕನ ಮನೆಯ ಗೋಡೆಯ ಮೇಲೆ ಕೂರುತ್ತದೆ. “ಸಭೆ ಮುಗಿದ ಮೇಲೆ ಕೊಡುತ್ತೇನೆ,” ಎಂದು ಎದ್ದುಬಿಟ್ಟೆ. ತಿಂದ ತಟ್ಟೆಯನ್ನು ಅಲ್ಲಿ ನಾವೇ ಒಯ್ದು ಇಡಬೇಕು. ಅದನ್ನೂ ಮರೆತೆ. ಗಾಬೋರ್ ಎರಡೂ ತಟ್ಟೆ ಹಿಡಿದು ನನ್ನ ಹಿಂದೆ ಬಂದರು.

ನಡೆಯುತ್ತ ನನಗೆ ಅಣ್ಣ ನೆನಪಾದ. ನನ್ನ ಒಬ್ಬನೇ ಅಣ್ಣ ಕಾಸರಗೋಡಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ವರ್ಷಕ್ಕೊಮ್ಮೆ ರಾಜ್ಯೋತ್ಸವದ ಹೊತ್ತಿಗೆ ಮೈಸೂರಿನ ಪತ್ರಿಕೆಗಳಲ್ಲಿ ಕೈಬಿಟ್ಟ ಕನ್ನಡಿಗರ ಬಗ್ಗೆ ಬರೆಯುತ್ತೇನೆ, ಸಭೆಗಳಲ್ಲಿ ಭಾಷಣ ಮಾಡುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ, ಶಾಲು ಹೊದಿಸುತ್ತಾರೆ. ಹಿಂದೊಮ್ಮೆ ಅಣ್ಣ ಫೋನಿನಲ್ಲಿ, “ನೀನು ಬರೆದ ಮಾರನೇ ದಿನ ಅಂಗಡಿಗೆ ಬಂದವರು ನನ್ನ ಮುಖ ನೋಡ್ತಾರೆ, ಸುಮತಿ,” ಅಂದಿದ್ದ. ಹೇಡಿ ಎಂದು ರೇಗಿದ್ದೆ. ಆಮೇಲೆ ಹಬ್ಬಕ್ಕೆ ಶುಭಾಶಯ, ಮದುವೆಗೆ ಕರೆ, ಅಷ್ಟೇ ನಮ್ಮ ಮಾತು.

ವೇದಿಕೆ

ಗಾಬೋರ್ ಇಪ್ಪತ್ತು ನಿಮಿಷ ಓದಿದರು. ಒಂದು ಪದವೂ ನನ್ನ ತಲೆಗೆ ಹೋಗಲಿಲ್ಲ. ಶ್ರೀಧರ ಮುಂದಿನ ಸಾಲಿನಲ್ಲಿ ಕೂತು ನನಗೆ ಮಾತ್ರ ಕಾಣುವ ಹಾಗೆ ಕೈ ಮುಗಿದ. ನನ್ನ ಹೆಸರು ಕರೆದರು. ಎದ್ದೆ.

“ಪ್ರೊಫೆಸರ್, ನಾನು ತಿದ್ದಿದ ಪ್ರತಿ ನಿಮ್ಮ ಹತ್ತಿರ ಇದೆಯಲ್ಲ, ಅದನ್ನು ಕೊಡಿ,” ಎಂದೆ. ಕೊಟ್ಟರು. ಶ್ರೀಧರ ಕಣ್ಣು ಮುಚ್ಚಿಕೊಂಡ.

“ಇದರ ಮೇಲೆ ಬರೆದದ್ದನ್ನು ಈಗ ಸರಿಯಾಗಿ ಓದುತ್ತೇನೆ. ನಿನ್ನೆ ನಿಮಗೆ ಹೇಳಿದ್ದು ನನ್ನ ಶಿಷ್ಯನ ಒಳ್ಳೆಯತನ. ನನ್ನ ಮಾನ ಉಳಿಸಲು ಹಾಗೆ ಹೇಳಿದ. ಅದನ್ನು ಒಪ್ಪಿಕೊಂಡು ಸುಮ್ಮನಿದ್ದದ್ದು ನನ್ನ ತಪ್ಪು.” ಷರಾವನ್ನು ಇಂಗ್ಲಿಷಿನಲ್ಲಿ ಒಂದೊಂದೇ ಪದವಾಗಿ ಹೇಳಿದೆ. ಸಂಕಟ ಗೊತ್ತಿಲ್ಲ. ಸುಖವಾಗಿ ಒಳಗೆ ಕೂತು. ಮುಖ್ಯ ಅಂಶ ಬಿಟ್ಟುಹೋಗಿದೆ. “ಕೊನೆಯಲ್ಲಿರುವುದು ಶುಭಚಿಹ್ನೆಯಲ್ಲ. ಹತ್ತಕ್ಕೆ ನಾಲ್ಕು.”

ಸಭೆಯಲ್ಲಿ ಯಾರೋ ನಕ್ಕು ಅರ್ಧಕ್ಕೆ ನಿಲ್ಲಿಸಿದರು. ಗಾಬೋರ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟು ಹೊತ್ತು ನಾನು ನಿಂತೇ ಇದ್ದೆ, ಕೂರಬೇಕೋ ಬೇಡವೋ ತಿಳಿಯಲಿಲ್ಲ.

“ಬಿಟ್ಟುಹೋದ ಅಂಶ, ಆಚೆ ಉಳಿದವರು. ಅಲ್ಲವೇ?” ಎಂದರು.

“ಹೌದು.”

“ಅದು ಮೊದಲು ಇತ್ತು. ಮೂರು ಪುಟ ಇತ್ತು. ನನಗೆ ಬಹಳ ಇಷ್ಟವಾದ ಪುಟಗಳು.” ಮೈಕಿನಿಂದ ಸ್ವಲ್ಪ ಹಿಂದೆ ಸರಿದು ನನ್ನೊಬ್ಬಳಿಗೇ ಹೇಳುವ ಹಾಗೆ ಮಾತಾಡಿದರು. “ನಾನು ಏನು ಬರೆದರೂ ಅಚ್ಚಿಗೆ ಹೋಗುವ ಮೊದಲು ಅಕ್ಕನಿಗೆ ಕಳಿಸುತ್ತೇನೆ. ಆ ಮೂರು ಪುಟವನ್ನು ಅವಳು ಹೊಡೆದುಹಾಕಿದಳು. ಏನು ಬರೆದಿದ್ದಳು ಗೊತ್ತೇ? ‘ನೀನು ರಾಜಧಾನಿಯಲ್ಲಿ ನಮಗಾಗಿ ಅತ್ತು ಮನೆಗೆ ಹೋಗಿ ಊಟ ಮಾಡುತ್ತೀ. ಮಾರನೇ ದಿನ ಪಕ್ಕದ ಮನೆಯವರ ಮುಖ ನೋಡಬೇಕಾದವಳು ನಾನು. ನನ್ನ ಸಂಕಟ ನನಗೆ ಗೊತ್ತಿದೆ, ಅದನ್ನು ನಾನು ಹೇಳುತ್ತೇನೆ, ನನಗೆ ಬೇಕಾದಾಗ.’ ಆಮೇಲೆ ನಾನು ಬರೆಯಲಿಲ್ಲ.”

ನನ್ನ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟೆ.

“ನಿಮ್ಮ ಟಿಪ್ಪಣಿಯಲ್ಲಿ ಸಿಟ್ಟಿದೆ. ಇಂಥ ಸಿಟ್ಟು ಹೊರಗಿನವರಿಗೆ ಬರುವುದಿಲ್ಲ,” ಎಂದರು ಗಾಬೋರ್. ಚುಚ್ಚುವ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ದನಿ. “ನಿಮ್ಮವರು ಯಾರಾದರೂ ಆಚೆ ಇದ್ದಾರೆಯೇ?”

“ಅಣ್ಣ ಇದ್ದಾನೆ.”

“ಅವರು ಏನು ಹೇಳುತ್ತಾರೆ?”

ಎಷ್ಟು ವರ್ಷ ನಾನು ಇದನ್ನೇ ಪಾಠ ಮಾಡಿದ್ದೇನೆ! ಎಷ್ಟು ವೇದಿಕೆ, ಎಷ್ಟು ಲೇಖನ. ಅವನು ಮಾತು ತೆಗೆದದ್ದು ಒಮ್ಮೆ, ನಾನು ಬಾಯಿ ಮುಚ್ಚಿಸಿದೆ. ಕೇಳಿದ್ದು ಎಂದೂ ಇಲ್ಲ. ಸಭೆ ಉತ್ತರಕ್ಕೆ ಕಾಯುತ್ತಿತ್ತು. ಸುಳ್ಳು ಹೇಳಬಹುದಿತ್ತು, ನಿನ್ನೆಯಿಂದ ಅಭ್ಯಾಸವೂ ಆಗಿತ್ತು.

“ಗೊತ್ತಿಲ್ಲ,” ಅಂದೆ. “ನಾನು ಕೇಳಿಲ್ಲ.”

ಹೇಳಿ ಕೂತೆ. ಹತ್ತು ನಿಮಿಷದಲ್ಲಿ ಇನ್ನೂ ಆರು ನಿಮಿಷ ಉಳಿದಿತ್ತಂತೆ. ಆಮೇಲೆ ಬೇರೆಯವರು ಪ್ರಶ್ನೆ ಕೇಳಿದರು, ರೈಲು ಹಳಿಯ ಬಗ್ಗೆ, ನಕ್ಷೆಯ ಬಗ್ಗೆ. ಸಭೆ ಮುಗಿದಾಗ ಗಾಬೋರ್ ಆ ಕಾರ್ಡು ಹಿಡಿದು ನನ್ನ ಹತ್ತಿರ ಬಂದರು. “ಈಗ ಬರೆಯಿರಿ,” ಎಂದರು. “ನಿಜವಾದ ಶುಭಾಶಯ.” ನಾನು ನೀಲಿ ಪೆನ್ನು ಸಾಲ ಪಡೆದು ‘ಅಕ್ಕನಿಗೆ ನಮಸ್ಕಾರ’ ಎಂದು ಬರೆದು ಅರ್ಥ ಹೇಳಿಕೊಟ್ಟೆ. ಶ್ರೀಧರ ನನ್ನ ಜತೆ ಲಿಫ್ಟಿನವರೆಗೂ ಬಂದ, ಬೈಯಲಿಲ್ಲ. “ಮೇಡಂ, ಸ್ವಲ್ಪ ನೀರು ಕುಡೀರಿ,” ಎಂದಷ್ಟೇ ಹೇಳಿದ.

ಮನೆಯ ಕೆಳಗೆ

ಅಲ್ಲಿ ಸರ್ಕಾರಿ ಮಹಡಿಗಳ ನೆಲ ಅಂತಸ್ತಿನಲ್ಲಿ ಮನೆಗಳಿರುವುದಿಲ್ಲ. ಬರೀ ಕಂಬಗಳು, ಗಾಳಿ, ಕಲ್ಲಿನ ಬೆಂಚು. ವಾಯ್ಡ್ ಡೆಕ್ ಎನ್ನುತ್ತಾರೆ. ಸಂಜೆ ಆರೂವರೆ, ಇನ್ನೂ ಬೆಳಕಿತ್ತು. ಇಬ್ಬರು ಮುದುಕರು ಚದುರಂಗದಂಥ ಏನೋ ಆಡುತ್ತಿದ್ದರು. ಮೇಲೆ ಹೋದರೆ ಶ್ವೇತಾ ಹೇಗಾಯಿತು ಎಂದು ಕೇಳುತ್ತಾಳೆ. ನಾನು ಕೆಳಗೇ ನಿಂತೆ. ಊರಿನಲ್ಲಿ ಈಗ ನಾಲ್ಕು ಗಂಟೆ, ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತು. ಫೋನು ತೆಗೆದು ಎರಡು ಸಲ ಒಳಗಿಟ್ಟೆ. ಅವನೂ ಈಗ ರೇಗಿದರೆ? ಫೋನೇ ಎತ್ತದಿದ್ದರೆ? ವೇದಿಕೆಯ ಮೇಲಿನ ಹೆದರಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಮೂರನೇ ಸಲ ಒತ್ತಿದೆ.

“ಎಂತ ಸುಮತಿ, ವಿದೇಶದಿಂದ ಫೋನು? ಎಲ್ಲ ಸೌಖ್ಯ ಅಲ್ಲವಾ?” ದನಿಯಲ್ಲಿ ಗಾಬರಿಯಿತ್ತು. ನಾವು ಕಾರಣವಿಲ್ಲದೆ ಫೋನು ಮಾಡುವುದನ್ನು ಬಿಟ್ಟು ಅಷ್ಟು ಕಾಲವಾಗಿತ್ತು.

“ಸೌಖ್ಯವೇ. ಅಣ್ಣ, ಒಂದು ವಿಷಯ ಕೇಳಬೇಕಿತ್ತು.”

“ಕೇಳು.”

“ನಾನು ಗಡಿಯ ಬಗ್ಗೆ ಇಷ್ಟು ವರ್ಷ ಬರೆದೆ. ನಿಮ್ಮ ಸಂಕಟ, ನಿಮ್ಮ ಸಂಕಟ ಅಂತ. ನಿನ್ನನ್ನು ಒಮ್ಮೆಯೂ ಕೇಳಲಿಲ್ಲ. ಅಲ್ಲಿ ಇರುವುದು ನೀನು. ನಿನಗೆ ಎಂತ ಅನ್ನಿಸ್ತದೆ?”

ಫೋನಿನಲ್ಲಿ ಅಂಗಡಿಯ ಸದ್ದು ಕೇಳುತ್ತಿತ್ತು. ಯಾರೋ ಮಲಯಾಳದಲ್ಲಿ ಕೆಮ್ಮಿನ ಔಷಧಿ ಕೇಳಿದರು. ಅಣ್ಣ ಮಲಯಾಳದಲ್ಲೇ ಮಗುವಿಗೋ ದೊಡ್ಡವರಿಗೋ ವಿಚಾರಿಸಿ, ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂದು ಎರಡು ಸಲ ಹೇಳಿ ಕಳಿಸಿದ. ಫೋನು ಇಟ್ಟುಬಿಟ್ಟನೇನೋ ಎಂದುಕೊಂಡೆ.

“ಅಣ್ಣ?”

“ಇದ್ದೇನೆ ಮಾರಾಯ್ತಿ.” ಎಂದ. “ನಿಲ್ಲು, ಕುರ್ಚಿ ಎಳ್ಕೊಳ್ತೇನೆ. ಇದು ನಿಂತುಕೊಂಡು ಹೇಳಿ ಮುಗಿಯುವಂಥದ್ದಲ್ಲ.”

ನೆಲದ ಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತು. ನಾನೂ ಬೆಂಚಿನ ಮೇಲೆ ಕೂತೆ.